ಕಾಪು ಕಟ್ಟಿದ ಕೈಯಲ್ಲಿ ಫೋನು

ರಜೆಯ ದಿನ ಮಧ್ಯಾಹ್ನ ನಮ್ಮ ಮನೆಯ ಕಡೆ ಬಂದವರು ಒಳಗಿನಿಂದ ಗುಂಡಿನ ಶಬ್ದ ಕೇಳಿದರೆ ಹೆದರಬೇಕಾಗಿಲ್ಲ. ಊಟವಾದ ಮೇಲೆ ನನ್ನ ಮಗ ಮಗ್ಗದ ಪಕ್ಕದ ಗೋಡೆಗೆ ಒರಗಿ ಕುಳಿತು ಫೋನಿನಲ್ಲಿ ಯಾರನ್ನೋ ಅಟ್ಟಿಸಿಕೊಂಡು ಹೋಗುತ್ತಿರುತ್ತಾನೆ. ಕಿವಿಗೆ ಇಯರ್‌ಫೋನ್ ಸಿಕ್ಕಿಸುವಂತಿಲ್ಲ, ಗುರುತಿಲ್ಲದವರ ಜೊತೆ ಮಾತಿಗಿಳಿಯುವಂತಿಲ್ಲ. ನಾನು ಕರೆದರೆ ಆಟ ಯಾವ ಘಟ್ಟದಲ್ಲಿದ್ದರೂ ಎದ್ದು ಬರಬೇಕು. ಇಷ್ಟಕ್ಕೆ ಅವನೂ ಒಪ್ಪಿದ್ದಾನೆ, ನಾನೂ ಒಪ್ಪಿದ್ದೇನೆ.

ಪಕ್ಕದ ಮನೆಯಾಕೆಗೆ ಇದು ಸೇರುವುದಿಲ್ಲ. "ಏನಕ್ಕಾ, ಆ ಸಾಯ್ಸೋ ಗೇಮ್ನ ನೀನೇ ಆಡಕ್ಕೆ ಬುಟ್ಟಿದ್ದೀಯಲ್ಲ?" ಎಂದು ಕೇಳುತ್ತಾಳೆ. ನಾನು ನಗುತ್ತೇನೆ. ಹೋದ ಹಬ್ಬದಲ್ಲಿ ನಡೆದದ್ದನ್ನು ಪೂರ್ತಿ ಹೇಳದೆ ಅವಳಿಗೆ ಅರ್ಥವಾಗುವುದಿಲ್ಲ. ಪೂರ್ತಿ ಹೇಳಲು ಅವಳು ಬಿಡುವುದಿಲ್ಲ, ನಡುವೆ ತನ್ನ ಸೊಸೆಯ ಪುರಾಣ ತೆಗೆಯುತ್ತಾಳೆ. ಆದ್ದರಿಂದ ಇಲ್ಲಿ ಹೇಳುತ್ತೇನೆ.

ನಾವು ಸೇಲಂನ ನೇಯ್ಗೆಯವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ಮಗ ಹೊಸ್ತಿಲಿನ ಒಳಕ್ಕೂ ತಮಿಳನ್ನು ಎಳೆದು ತಂದಿದ್ದಾನೆ, ನಾನು ಗದರಿಸಿದರೆ ಮಾತ್ರ ಕನ್ನಡ ನೆನಪಾಗುತ್ತದೆ. ಮುಂದಿನ ಕೋಣೆಯಲ್ಲಿ ಗುಂಡಿ ಮಗ್ಗ. ನನ್ನ ಗಂಡ ಅದರ ಗುಂಡಿಯೊಳಗೆ ಕಾಲಿಳಿಸಿ ಕುಳಿತು ಬಿಳಿ ರೇಷ್ಮೆ ಪಂಚೆ ನೇಯುತ್ತಾರೆ. ನಾನು ಕಂಡಿಕೆಗೆ ನೂಲು ಸುತ್ತುತ್ತೇನೆ, ಕಡಿದ ಎಳೆ ಕಟ್ಟುತ್ತೇನೆ, ಅವರು ಎದ್ದಾಗ ನಾನೂ ಕುಳಿತು ನೇಯುತ್ತೇನೆ. ಇಬ್ಬರ ಕೈಗೂ ಬಿಡುವಿಲ್ಲ. ಮಗ ಅಂಬೆಗಾಲಿಡುವ ಕಾಲದಲ್ಲಿ ಅವನು ಹಾಸಿನ ಎಳೆಗೆ ಕೈ ಹಾಕದಿರಲಿ ಎಂದು ನಾವೇ ಫೋನು ಕೊಟ್ಟು ಕೂರಿಸುತ್ತಿದ್ದೆವು. ನಮ್ಮ ಬೀದಿಯಲ್ಲಿ ಎಲ್ಲರೂ ಹಾಗೇ ಮಾಡುತ್ತಿದ್ದರು, ಈಗಲೂ ಮಾಡುತ್ತಾರೆ.

ಮೊದಲು ಹಣ್ಣು ಕತ್ತರಿಸುವ ಆಟ ಬಂತು, ಆಮೇಲೆ ಕಾರು ಓಡಿಸುವ ಆಟ. ಆರನೇ ಕ್ಲಾಸಿಗೆ ಬರುವಷ್ಟರಲ್ಲಿ ಬಂದೂಕು ಬಂತು. ವಿಮಾನದಿಂದ ಒಂದು ದ್ವೀಪಕ್ಕೆ ಧುಮುಕುವುದು, ಸಿಕ್ಕ ಮನೆಗೆ ನುಗ್ಗಿ ಬಂದೂಕು ಹುಡುಕುವುದು, ಕಂಡವರನ್ನೆಲ್ಲ ಹೊಡೆದು ಬೀಳಿಸುವುದು, ಕೊನೆಗೆ ಉಳಿದವನು ಗೆದ್ದ ಹಾಗೆ. "ಪೋಡ್ರಾ ಅವನೆ! ತಲೈಲ ಪೋಡು!" ಎಂದು, ಹೊಡಿ, ತಲೆಗೇ ಹೊಡಿ ಎಂದು ಅವನು ಕಿರುಚುವಾಗ ಆ ಮುಖ ನಾನು ಹೆತ್ತ ಮುಖದ ಹಾಗೆ ಕಾಣುತ್ತಿರಲಿಲ್ಲ.

ನಾನು ಸುಮ್ಮನೆ ಕೂರುವವಳಲ್ಲ. ಬೈದೆ. ಫೋನು ಕಿತ್ತುಕೊಂಡು ಅಕ್ಕಿ ಡ್ರಮ್ಮಿನೊಳಗೆ ಹೂತಿಟ್ಟೆ. ಅವನು ಗೆಳೆಯನ ಮನೆಗೆ ಹೋಗಿ ಆಡಿದ. ಆ ಮನೆಯವರಿಗೆ ಫೋನು ಮಾಡಿ ಜಗಳ ತೆಗೆದೆ, ಅವನು ಗುಡಿಯ ಹಿಂದಿನ ಜಗುಲಿಯಲ್ಲಿ ಇನ್ನೊಬ್ಬನ ಫೋನಿನಲ್ಲಿ ಆಡಿದ. ಕಣ್ಣೆದುರಿಗಾದರೆ ಏನು ಆಡುತ್ತಾನೆ, ಯಾರ ಜೊತೆ ಆಡುತ್ತಾನೆ ಎಂದಾದರೂ ತಿಳಿಯುತ್ತಿತ್ತು, ಈಗ ಅದೂ ಹೋಯಿತು. ಗಂಡನಿಗೆ ಹೇಳಿದರೆ ಲಾಳಿ ನಿಲ್ಲಿಸದೆಯೇ ಉತ್ತರ. "ಆಟ ತಾನೇ, ಬುಡು. ನಾವ್ ಚಿಕ್ಕೋರಿದ್ದಾಗ ಕವಣೆ ಕಲ್ಲಲ್ಲಿ ಓತಿಕ್ಯಾತನ್ನ ಒಡೀತಿರ್ಲಿಲ್ವಾ?" ಈ ಮನುಷ್ಯನಿಗೆ ಮಗ ಎಂದರೆ ಪ್ರಾಣ, ಕೋಪ ಮಾತ್ರ ಸಾಲ ತಂದರೂ ಬರುವುದಿಲ್ಲ. ಮನೆಗೆ ಬೇಕಾದ ಕೋಪವನ್ನೆಲ್ಲ ನಾನೊಬ್ಬಳೇ ಮಾಡಬೇಕು.

ಆದರೆ ನನಗೆ ನಿಜವಾಗಿ ಭಯ ಹುಟ್ಟಿದ್ದು ಒಂದು ಮಧ್ಯಾಹ್ನ. ಮಗ ಅಂದು ಮನೆಯಲ್ಲೇ ಇದ್ದ, ಬೈದಾಡಿ ಸಾಕಾಗಿ ಫೋನು ವಾಪಸ್ಸು ಕೊಟ್ಟಿದ್ದೆ. ಗಂಡ ಹೆಚ್ಚಿನ ಎಳೆ ಕತ್ತರಿಸುತ್ತಿದ್ದಾಗ ಬ್ಲೇಡು ಜಾರಿ ಅಂಗೈಯನ್ನು ಉದ್ದಕ್ಕೆ ಸೀಳಿಬಿಟ್ಟಿತು. ರಕ್ತ ತೊಟ್ಟಿಕ್ಕಿ ಮಗ್ಗದ ಮೇಲಿದ್ದ ಬಿಳಿ ಪಂಚೆಯ ಮೇಲೆ ಬಿತ್ತು. ನಾನು ಬೊಬ್ಬೆ ಹಾಕಿಕೊಂಡು ಬಟ್ಟೆ ಹುಡುಕಿಕೊಂಡು ಓಡಿದೆ. ಮಗ ತಲೆಯೆತ್ತಿ ಅಪ್ಪನ ಕೈ ನೋಡಿದ.

"ಸಣ್ಣ ಡ್ಯಾಮೇಜ್ ತಾನ್. ಒಂದ್ ಕಿಟ್ ಆಕಿದ್ರೆ ಫುಲ್ ಆಗೋಗ್ತದೆ" ಎಂದು ಹೇಳಿ ಮತ್ತೆ ಫೋನಿನೊಳಗೆ ಮುಳುಗಿದ.

ಗಂಡ ನಕ್ಕರು. ನನಗೆ ನಗು ಬರಲಿಲ್ಲ. ಆಟದಲ್ಲಿ ಗಾಯವಾದವನು ಒಂದು ಪೆಟ್ಟಿಗೆ ತೆರೆದರೆ ಮತ್ತೆ ಎದ್ದು ಓಡುತ್ತಾನಂತೆ. ಇಲ್ಲಿ ಅಪ್ಪನ ಕೈಯಿಂದ ರಕ್ತ ಸುರಿಯುತ್ತಿದೆ, ಆಟದವನಿಗೂ ಅಪ್ಪನಿಗೂ ನನ್ನ ಮಗನ ಕಣ್ಣಲ್ಲಿ ವ್ಯತ್ಯಾಸವೇ ಇಲ್ಲ. ಬಟ್ಟೆ ಸುತ್ತುತ್ತಾ ಮಗನನ್ನೇ ನೋಡಿದೆ. ಕೈಯದು ಮಾಯುವ ಗಾಯ. ಈ ಹುಡುಗನ ಒಳಗೆ ಏನೋ ಒಣಗಿಹೋಗಿದೆಯಲ್ಲ, ಅದಕ್ಕೆ ಎಲ್ಲಿಂದ ಮದ್ದು ತರುವುದು?

ಮಾರನೆಯ ದಿನ ಅವನ ಪಕ್ಕ ಹೋಗಿ ಕುಳಿತೆ. "ಲೇ, ನಂಗೂ ಏಳ್ಕೊಡು. ಏನೈತೆ ಅದ್ರಾಗೆ ಅಂತ ನೋಡ್ಬೇಕು" ಎಂದೆ. ಅವನಿಗೆ ಮೊದಲು ಅನುಮಾನ, ಆಮೇಲೆ ಖುಷಿ. ಯಾವ ಬೆರಳು ಎಲ್ಲಿ ಒತ್ತಬೇಕು, ಎಲ್ಲಿ ಬಗ್ಗಬೇಕು ಎಂದು ಗುರುವಿನ ಹಾಗೆ ಹೇಳಿಕೊಟ್ಟ. ನಾನು ನೇರವಾಗಿ ನೀರಿಗೆ ನಡೆದುಕೊಂಡು ಹೋದೆ. ಹೇಗೋ ದಡಕ್ಕೆ ಬಂದೆ. ಒಂದು ಮನೆಯ ಮೆಟ್ಟಿಲು ಹತ್ತುವುದರೊಳಗೆ ಯಾರೋ ಹಿಂದಿನಿಂದ ಹೊಡೆದ, ಸತ್ತೆ.

"ಅಯ್ಯೋ ಅಮ್ಮಾ, ತಿರುಗ್ಬೇಕಿತ್ತು!" ಎಂದು ಮಗ ಬಿದ್ದು ಬಿದ್ದು ನಕ್ಕ.

ನನ್ನ ಎದೆ ಡಬಡಬ ಬಡಿಯುತ್ತಿತ್ತು. ಅವನು ಹೇಡಿಯ ಹಾಗೆ ಹಿಂದಿನಿಂದ ಹೊಡೆದನಲ್ಲ, ಅವನನ್ನು ಹುಡುಕಿ ನಾನೇ ಹೊಡೆಯಬೇಕು ಎಂದು ಸಿಟ್ಟು ಉಕ್ಕಿತು. ಇನ್ನೊಂದು ಸಲ ಆಡಿದೆ. ಮತ್ತೆ ಸತ್ತೆ. ಒಲೆಯ ಮೇಲಿಟ್ಟ ಹಾಲು ಉಕ್ಕಿ ಹೋಗಿ ಸೀದ ವಾಸನೆ ಬಂದಾಗಲೇ ಎಚ್ಚರ. ಮಗನನ್ನು ಹೆತ್ತ ನನಗೇ ಒಂದು ಗಳಿಗೆಯಲ್ಲಿ ಹೀಗಾದರೆ ಈ ಎಳೆಯ ಜೀವಕ್ಕೆ ಏನಾಗಿರಬೇಡ ಎಂದು ಹಾಲಿನ ಪಾತ್ರೆ ಉಜ್ಜುತ್ತಾ ಯೋಚಿಸಿದೆ. ಬೈಗುಳದಿಂದ ಬಿಡಿಸುವ ಆಟವಲ್ಲ ಇದು ಎಂದು ಅವತ್ತು ಗೊತ್ತಾಯಿತು. ಮತ್ತೆ ಯಾವುದರಿಂದ ಎಂದು ಮಾತ್ರ ಗೊತ್ತಾಗಲಿಲ್ಲ.

ಅದೇ ಸಮಯಕ್ಕೆ ನಮ್ಮ ಬಾವ, ಎಂದರೆ ಗಂಡನ ಅಣ್ಣ, ಮನೆಗೆ ಬಂದು ಮಗನ ತೋಳು ಹಿಡಿದು ನೋಡಿದರು. "ಈ ಸಲ ಇವ್ನ ಕೈಗೂ ಕತ್ತಿ ಕೊಡಾನ. ವಯಸ್ಸಾಯ್ತಲ್ಲ" ಎಂದರು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕುಲದೇವತೆ ಚೌಡೇಶ್ವರಿ, ನಮ್ಮ ಬಾಯಲ್ಲಿ ಚೌಡಮ್ಮ. ಹಬ್ಬದ ದಿನ ಬಾವಿಯ ಬಳಿಯಿಂದ ಕಳಶದಲ್ಲಿ ದೇವಿಯನ್ನು ಗುಡಿಗೆ ಕರೆತರಬೇಕು. ಬರೀ ಬಾಯಿಮಾತಿಗೆ ಅವಳು ಹೆಜ್ಜೆಯಿಡುವುದಿಲ್ಲ ಎಂದು ನಮ್ಮವರ ನಂಬಿಕೆ. ಅದಕ್ಕೇ ಗಂಡಸರು ಬರಿಮೈಯಲ್ಲಿ ಕತ್ತಿ ಹಿಡಿದು, ವಾದ್ಯದ ಲಯಕ್ಕೆ ಹೆಜ್ಜೆ ಹಾಕುತ್ತಾ, "ತೀಸ್ಕೋ ತಾಯೇ, ತೆಗದ್ಕೋ ತಾಯೇ" ಎಂದು ತಮ್ಮ ಎದೆಗೆ ತಾವೇ ಹೊಡೆದುಕೊಳ್ಳುತ್ತಾರೆ. ರಕ್ತ ಬರುತ್ತದೆ. ಗಾಯದ ಮೇಲೆ ಅರಿಶಿನದ ಭಂಡಾರ ಹಾಕುತ್ತಾರೆ, ಕೆಲವು ದಿನದಲ್ಲಿ ಒಣಗುತ್ತದೆ. ಕತ್ತಿ ಹಿಡಿದವರನ್ನು ವೀರಕುಮಾರರು ಎನ್ನುತ್ತೇವೆ. ನನ್ನ ಗಂಡ, ಇರುವೆಯನ್ನೂ ಊದಿ ಪಕ್ಕಕ್ಕೆ ಸರಿಸುವ ಆ ಮನುಷ್ಯ, ಮದುವೆಗೆ ಮುಂಚಿನಿಂದ ವೀರಕುಮಾರ. ಹುಡುಗರಿಗೆ ಮೊದಲ ವರ್ಷ ಮೊಂಡು ಕತ್ತಿ ಕೊಟ್ಟು ಮುಂದಿನ ಸಾಲಿನಲ್ಲಿ ನಡೆಸುತ್ತಾರೆ. ಎದೆಗೆ ಮುಟ್ಟಿಸಿದರೆ ಸಾಕು. ಆದರೂ ಕಬ್ಬಿಣ ಕಬ್ಬಿಣವೇ, ಬೀಸಿ ಹೊಡೆದುಕೊಂಡರೆ ಚರ್ಮ ಬಿರಿಯುತ್ತದೆ.

ಬೇರೆ ತಾಯಂದಿರಿಗೆ ಇದು ಹೆಮ್ಮೆಯ ಸುದ್ದಿ. ನನಗೂ ಎರಡು ವರ್ಷ ಹಿಂದೆ ಹೇಳಿದ್ದರೆ ಹೆಮ್ಮೆಯೇ ಆಗುತ್ತಿತ್ತು. ಈಗ ಮೊದಲು ಕಣ್ಣಿಗೆ ಬಂದದ್ದು ಆ ಮಧ್ಯಾಹ್ನದ ಬಿಳಿ ಪಂಚೆ. ಅಪ್ಪನ ರಕ್ತ ನೋಡಿ 'ಸಣ್ಣ ಡ್ಯಾಮೇಜ್' ಎಂದವನ ಕೈಗೆ ಕತ್ತಿ. ಅವನು ಮುಟ್ಟಿಸಿ ನಿಲ್ಲಿಸುತ್ತಾನಾ? ಬೀದಿಯ ಹುಡುಗರೆಲ್ಲ ನೋಡುತ್ತಿರುವಾಗ, ವಾದ್ಯ ಕಿವಿಗೆ ಹೊಡೆಯುವಾಗ, ಇದೂ ಒಂದು ಆಟ ಎಂದು ಬೀಸಿಬಿಟ್ಟರೆ?

ಬಾವ ಹೋದ ಮೇಲೆ ಮಗನಿಗೆ ಹೇಳಿದೆ. "ಕತ್ತಿ ಇಡೀಬೇಕಾದ್ರೆ ಇವತ್ತಿಂದ ಆ ರಕ್ತದ ಆಟ ಬುಟ್ಬುಡ್ಬೇಕು."

"ಯಾಕೆ?"

"ರಕ್ತ ನೋಡಿ ನೋಡಿ ಮನ್ಸು ಕೆಟ್ಟೋಗ್ತದೆ."

ಅವನು ಜಗಳಕ್ಕೆ ಕೇಳಲಿಲ್ಲ, ನಿಜವಾಗಿಯೂ ತಿಳಿಯದೆ ಕೇಳಿದ. "ಅಬ್ಬದಲ್ಲಿ ಅಪ್ಪನ್ ಎದೆಯಿಂದ ರಕ್ತ ಬರ್ತದಲ್ಲಮ್ಮಾ? ಚಿಕ್ಕೋನಿದ್ದಾಗ ನಾ ಕಣ್ ಮುಚ್ಕೊಂಡ್ರೆ ನೀನೇ ಕೈ ತೆಗ್ಸಿ ನೋಡು ಅಂತಿದ್ದೆ. ಅದು ನಿಜ್ವಾದ್ ರಕ್ತ. ಇದ್ರಲ್ಲಿ ಬರೀ ಬಣ್ಣ. ಅದ್ ನೋಡ್ಬೋದು, ಇದ್ ನೋಡ್ಬಾರ್ದಾ?"

ನನ್ನ ಬಾಯಿ ಕಟ್ಟಿತು. ನನ್ನನ್ನು ಬಲ್ಲವರಿಗೆ ಇದು ಎಂಥ ಅಪರೂಪದ ಸಂಗತಿ ಎಂದು ಗೊತ್ತು. ಗಂಡನ ಕಡೆ ನೋಡಿದರೆ ಅವರು ಲಾಳಿಯನ್ನು ಇಲ್ಲದ ಆಸಕ್ತಿಯಿಂದ ಪರೀಕ್ಷೆ ಮಾಡುತ್ತಿದ್ದರು. ಅಪ್ಪ ಕೊಡುವ ರಕ್ತ ತನ್ನದು, ಅದು ನೋಯುತ್ತದೆ, ನೋಯುತ್ತದೆ ಎಂದು ಗೊತ್ತಿದ್ದೇ ಕೊಡುತ್ತಾನೆ, ನಿನ್ನ ಆಟದಲ್ಲಿ ಯಾರಿಗೂ ಏನೂ ಆಗುವುದಿಲ್ಲ, ಅದೇ ನನ್ನ ಸಂಕಟ ಎಂದು ಈಗ ಹೇಳಬಲ್ಲೆ. ಆಗ ಹೊಳೆಯಲಿಲ್ಲ. ಸೋತು ಸುಮ್ಮನಾಗುವ ಜಾಯಮಾನ ನನ್ನದಲ್ಲವಾದ್ದರಿಂದ ಬಾಯಿಗೆ ಬಂದದ್ದನ್ನು ಹೇಳಿದೆ.

"ನೋಡು ಸಾಮಿ, ಕತ್ತಿ ಇಡಿಯೋರ್ಗೆ ಕಾಪು ಕಟ್ತಾರೆ. ಕಾಪು ಕಟ್ಟಿದ್ ಕೈಯಾಗೆ ಒಂದ್ ಜೀವಾನೂ ಸಾಯ್ಸಬಾರ್ದು. ಸೊಳ್ಳೆ ಕೂಡ. ಫೋನಾಗೂ ಅಷ್ಟೇ. ಗೇಮಲ್ಲಿ ಯಾರ್ನಾದ್ರೂ ಸಾಯ್ಸಿದ್ರೆ ವ್ರತ ಕೆಟ್ಟೋಗ್ತದೆ."

ಕಾಪು ಎಂದರೆ ಹಬ್ಬದ ವ್ರತಕ್ಕೆ ಮಣಿಕಟ್ಟಿಗೆ ಕಟ್ಟುವ ಅರಿಶಿನದ ದಾರ. ಕಟ್ಟಿದ ಮೇಲೆ ಮಾಂಸ ತಿನ್ನುವಂತಿಲ್ಲ, ಊರು ಬಿಟ್ಟು ಹೋಗುವಂತಿಲ್ಲ. ಫೋನಿನ ನಿಯಮ ನಮ್ಮ ಹಿರಿಯರು ಮಾಡಿದ್ದಲ್ಲ, ನಾನು ಅಲ್ಲಿಯೇ ನಿಂತ ಕಾಲಿನಲ್ಲಿ ಮಾಡಿದ್ದು. ಅದನ್ನು ಸುಳ್ಳು ಎಂದು ನಾನು ಇವತ್ತಿಗೂ ಒಪ್ಪುವುದಿಲ್ಲ. ನಿಯಮಗಳೆಲ್ಲ ಯಾರೋ ಒಬ್ಬರ ಬಾಯಿಂದ ಶುರುವಾದವೇ ತಾನೇ?

ಮಗ ಗಂಭೀರವಾಗಿ ತಲೆಯಾಡಿಸಿದ. ನಾನು ಗೆದ್ದೆ ಎಂದುಕೊಂಡೆ.

ಕಾಪು ಕಟ್ಟಿದ ದಿನವೇ ಅವನು ಈ ಪ್ರಶ್ನೆಯನ್ನು ಗುಡಿಗೆ ತೆಗೆದುಕೊಂಡು ಹೋದ. ಮಂಟಪದಲ್ಲಿ ಬಾವ, ಪೂಜಾರಿ, ಬೀದಿಯ ನಾಲ್ಕಾರು ಹಿರಿಯರು ಕುಳಿತಿದ್ದರು. ನಾನು ಹೂ ಕಟ್ಟುತ್ತಾ ಕಂಬದ ಹಿಂದೆ ಇದ್ದೆ.

"ದೊಡ್ಡಪ್ಪಾ, ಕಾಪು ಕಟ್ಕೊಂಡು ಗೇಮಲ್ಲಿ ಆಳ್ನ ಸಾಯ್ಸಿದ್ರೆ ವ್ರತ ಕೆಡ್ತದಾ?"

ನಕ್ಕು ಕಳಿಸುತ್ತಾರೆ ಎಂದುಕೊಂಡಿದ್ದೆ. ನಮ್ಮವರ ಬಗ್ಗೆ ನಾನು ಅಷ್ಟು ತಿಳಿದೂ ತಪ್ಪು ಎಣಿಸಿದ್ದೆ. ಹಿರಿಯರು ಕಾಲು ಮಡಿಚಿ ಸರಿಯಾಗಿ ಕುಳಿತರು. ಒಬ್ಬರು ಆಟವನ್ನು ತೋರಿಸು ಎಂದರು. ಕಾಪು ಕಟ್ಟಿದ ಕೈಯಲ್ಲಿ ಮಗ ಫೋನು ಹಿಡಿದು ತೋರಿಸಿದ. ಕನ್ನಡಕಗಳೆಲ್ಲ ಒಂದೇ ಫೋನಿನ ಮೇಲೆ ಬಾಗಿದವು.

"ಇದ್ರಾಗೆ ಜೀವ ಎಲ್ಲೈತೆ? ಬೊಂಬೆ ತಾನೇ?" ಎಂದರು ಒಬ್ಬರು.

"ಬೊಂಬೆ ಅಲ್ಲ ತಾತಾ, ಆ ಕಡೆಯಿಂದ ನಿಜ್ವಾದ ಆಳ್ ಆಡ್ತಿರ್ತಾನೆ" ಎಂದ ಮಗ.

"ಓ! ಆಳ್ ಐತಾ? ಸತ್ತೋನು ಏನಾಯ್ತಾನೆ?"

"ಮುಂದಿನ್ ಮ್ಯಾಚಲ್ಲಿ ಬರ್ತಾನೆ."

"ಅಂಗಾದ್ರೆ ಸಾವಲ್ಲ ಅದು. ಎದ್ ಬರೋನ್ನ ಸತ್ತೋನು ಅಂತಾರಾ?"

"ಎದ್ ಬರ್ಲಿ. ಇವ್ನ ಮನ್ಸಲ್ಲಿ ಸಾಯ್ಸಬೇಕು ಅಂತ ಬಂತಲ್ಲ, ಅದು?" ಎಂದರು ಪೂಜಾರಿ.

ಬಾವ ಕೇಳಿದರು, "ಯಾರ್ಲಾ ಏಳಿದ್ದು ನಿಂಗೆ ವ್ರತ ಕೆಡ್ತದೆ ಅಂತ?"

"ಅಮ್ಮ."

ನಾನು ಕಂಬದ ಹಿಂದೆ ಇನ್ನಷ್ಟು ಸರಿದೆ. ಪೂಜಾರಿ ಗಂಟಲು ಸರಿಮಾಡಿಕೊಂಡು, "ಅಮ್ಮ ಏಳಿದ್ರೆ ಸರಿ ತಾನ್" ಎಂದು ತೀರ್ಪು ಕೊಟ್ಟರು. ಆಟ ಆಡಬಹುದು, ಸಾಯಿಸಬಾರದು. ಸಾಯಿಸದೆ ಆಡಲು ಆಗುತ್ತದಾ ಎಂದು ಯಾರೂ ಕೇಳಲಿಲ್ಲ.

ಆಗುತ್ತದೆಯಂತೆ. ಮಗ ಆವತ್ತಿನಿಂದ ದ್ವೀಪಕ್ಕೆ ಧುಮುಕಿ ಪೊದೆ ಹುಡುಕಿಕೊಂಡು ಅಡಗಿ ಕೂರತೊಡಗಿದ. ಬಂದೂಕು ಮುಟ್ಟುತ್ತಿರಲಿಲ್ಲ. ಜೊತೆಗಾರರು "ಡೇಯ್, ಸುಡುಡಾ, ಯೆನ್ನಡಾ ಪಣ್ರೇ?" ಎಂದು, ಗುಂಡು ಹಾರಿಸದೆ ಏನು ಮಾಡುತ್ತಿದ್ದೀಯೋ ಎಂದು ಬೈದರೆ "ಕಾಪು ಕಟ್ಟಿರುಕ್ಕು ಡಾ" ಎಂದು ಉತ್ತರ. ಬೈದವರಿಗೆ ಏನು ಅರ್ಥವಾಯಿತೋ ಚೌಡಮ್ಮನಿಗೇ ಗೊತ್ತು. ಒಂದು ದಿನ ಓಡಿ ಬಂದು, "ಅಮ್ಮಾ, ಒಬ್ಬನ್ನೂ ಸಾಯ್ಸದೆ ಟಾಪ್ ಟೆನ್ ಬಂದೆ!" ಎಂದು ಕುಣಿದ. ಗಂಡ ಮಗ್ಗದಿಂದಲೇ ಚಪ್ಪಾಳೆ ತಟ್ಟಿದರು. ಆಟ ಬಿಡಿಸಲು ಮಾಡಿದ ನಿಯಮ ಆಟವನ್ನು ಇನ್ನೂ ರುಚಿಯಾಗಿಸಿತ್ತು. ಆದರೆ ಅವನು ಮಾತು ಉಳಿಸಿಕೊಂಡಿದ್ದ. ಗುಡಿಯ ಹಿಂದೆ ಕದ್ದು ಆಡುವುದನ್ನು ಬಿಟ್ಟು ನನ್ನ ಎದುರಿಗೇ ಆಡುತ್ತಿದ್ದ, ಬಂದು ಹೇಳುತ್ತಿದ್ದ. ಅಷ್ಟಕ್ಕೆ ನನಗೆ ಸ್ವಲ್ಪ ಉಸಿರಾಡುವಂತಾಯಿತು.

ಆ ಉಸಿರು ಹೆಚ್ಚು ದಿನ ಉಳಿಯಲಿಲ್ಲ. ಸಂಜೆ ಬಾವ ಹುಡುಗರಿಗೆ ಹೆಜ್ಜೆ ಕಲಿಸುತ್ತಿದ್ದರು, ಕೈಯಲ್ಲಿ ಕತ್ತಿಯ ಬದಲು ಕೋಲು. ಮಗ ಎಲ್ಲರಿಗಿಂತ ಚುರುಕು. ಕೋಲು ಗಾಳಿಯಲ್ಲಿ ಸುಯ್ ಎನ್ನುತ್ತಿತ್ತು. "ಮೆಲ್ಲಗೆ ಲೇ, ಮುಟ್ಟುಸ್ಬೇಕು ಅಷ್ಟೇ, ಒಡೀಬಾರ್ದು" ಎಂದು ಬಾವ ಮತ್ತೆ ಮತ್ತೆ ಹೇಳುತ್ತಿದ್ದರು. ಮನೆಗೆ ಬಂದ ಮಗನ ಎದೆಯ ಮೇಲೆ ಕೋಲಿನ ಕೆಂಪು ಬರೆ. ಎಣ್ಣೆ ಹಚ್ಚುವಾಗ ಅವನು ಕಣ್ಣರಳಿಸಿ ಕೇಳಿದ, "ಅಮ್ಮಾ, ಮೊಂಡು ಕತ್ತೀಲೂ ರಕ್ತ ಬರ್ತದಾ? ಬಂದ್ರೆ ಮಾಸ್ ಆಗಿರ್ತದೆ!"

ಗಂಡನ ಹತ್ತಿರ ಹೋಗಿ ನೇರವಾಗಿ ಹೇಳಿದೆ. "ಈ ವರ್ಷ ಬ್ಯಾಡ. ನಂಗೆ ಭಯ ಆಯ್ತೈತೆ. ಅವ್ನಿಗೆ ರಕ್ತ ಅಂದ್ರೆ ಆಟ ಆಗೋಗೈತೆ. ಆ ದಿನ ಏನಾದ್ರೂ ಮಾಡ್ಕೊಂಡ್ರೆ?"

ಅವರು ಲಾಳಿ ಕೆಳಗಿಟ್ಟರು. ಅಪರೂಪಕ್ಕೆ ಇಡುತ್ತಾರೆ. "ಕಾಪು ಕಟ್ಟಾಯ್ತು. ಈಗ ಬುಡ್ಸಕ್ ಆಗಲ್ಲ. ನಾ ಇಂದೆಗಡೇನೇ ಇರ್ತೀನಲ್ಲ, ನೋಡ್ಕೊತೀನಿ" ಎಂದರು. ಮೈಮೇಲೆ ಆವೇಶ ಬಂದಾಗ ಅವರಿಗೆ ಅವರದೇ ಪರಿವೆ ಇರುವುದಿಲ್ಲ, ಇನ್ನು ಮಗನನ್ನು ನೋಡಿಕೊಳ್ಳುವುದು! ಆದರೆ ಕಟ್ಟಿದ ಕಾಪನ್ನು ಬಿಚ್ಚಿಸುವ ಎದೆ ನನಗೂ ಇರಲಿಲ್ಲ. ತಾಯೇ, ನನ್ನ ಮಗನಿಗೆ ಭಯ ಕೊಡು ಎಂದು ದೀಪ ಹಚ್ಚುವಾಗ ಬೇಡಿಕೊಂಡೆ. ಧೈರ್ಯ ಕೊಡು ಎಂದು ಬೇಡಿಕೊಳ್ಳುವ ತಾಯಂದಿರ ನಡುವೆ ನನ್ನದು ಇದೆಂಥ ಕೋರಿಕೆಯೋ.

ಹಬ್ಬದ ಬೆಳಿಗ್ಗೆ ಬಿಸಿಲು ಆಗಲೇ ಚುರುಗುಡುತ್ತಿತ್ತು. ಕಳಶ ಬಾವಿಯ ಬಳಿಯಿಂದ ಹೊರಟು ನಮ್ಮ ಬೀದಿಯ ತಿರುವಿಗೆ ಬಂದು ನಿಂತಿತು. ಕಳಶ ಹೊತ್ತವರ ಕಾಲು ಮುಂದೆ ಸರಿಯದೆ ಹೋದರೆ ದೇವಿ ಹಟ ಹಿಡಿದಿದ್ದಾಳೆ ಎಂದು ಅರ್ಥ. ವಾದ್ಯ ಜೋರಾಯಿತು. ಹೆಂಗಸರು ನಾವೆಲ್ಲ ಆರತಿ ತಟ್ಟೆ ಹಿಡಿದು ಪಕ್ಕದಲ್ಲಿ ನಿಂತಿದ್ದೆವು. ಮುಂದಿನ ಸಾಲಿನಲ್ಲಿ ಹುಡುಗರು, ಅವರಲ್ಲಿ ನನ್ನ ಮಗ, ಮೈಗೆಲ್ಲ ಅರಿಶಿನ, ಕೈಯಲ್ಲಿ ಮೊಂಡು ಕತ್ತಿ. ಅವರ ಹಿಂದೆ ನನ್ನ ಗಂಡ ಮತ್ತು ಉಳಿದ ಗಂಡಸರು.

"ತೀಸ್ಕೋ ತಾಯೇ!" ಎಂದು ಬಾವ ಕೂಗಿದರು. "ತೆಗದ್ಕೋ ತಾಯೇ!" ಎಂದು ಎಲ್ಲರೂ ಕೂಗಿದರು. ಕತ್ತಿಗಳು ಮೇಲೆದ್ದವು. ಮಗನ ಕತ್ತಿಯೂ ಎದ್ದಿತು, ಬೇರೆ ಹುಡುಗರಿಗಿಂತ ಎತ್ತರಕ್ಕೆ. ನನ್ನ ತಟ್ಟೆಯ ಕರ್ಪೂರ ಆರಿಹೋಯಿತು, ಮತ್ತೆ ಹಚ್ಚಲಿಲ್ಲ. ಮಗ ಒಂದು ಸಲ ಮುಟ್ಟಿಸಿದ. ಎರಡನೆಯದು ಸ್ವಲ್ಪ ಜೋರು. ಮೂರನೆಯದಕ್ಕೆ ಕತ್ತಿ ಎತ್ತಿ, ಹೆಜ್ಜೆಯ ಲಯಕ್ಕೆ ಹಿಂದಕ್ಕೆ ತಿರುಗಿದ. ತಿರುಗಿದವನ ಮುಖದೆದುರಿಗೇ ಅಪ್ಪನ ಎದೆ.

ಪ್ರತಿ ವರ್ಷ ದೂರದಿಂದ, ಜನರ ತಲೆಗಳ ನಡುವೆ ನೋಡಿದ್ದ. ಇಷ್ಟು ಹತ್ತಿರದಿಂದ ಎಂದೂ ನೋಡಿರಲಿಲ್ಲ. ಎದೆಯ ಮೇಲೆ ಎರಡು ಗೆರೆ ತೆರೆದು ರಕ್ತ ಹೊಟ್ಟೆಯವರೆಗೆ ಇಳಿದಿತ್ತು. ಅಪ್ಪನ ಕಣ್ಣು ಎಲ್ಲೋ ನೆಟ್ಟಿತ್ತು, ಕೈ ಮತ್ತೆ ಏಳುತ್ತಿತ್ತು.

ಮಗ ನಿಂತುಬಿಟ್ಟ. ಸುತ್ತ ಎಲ್ಲರೂ ಕುಣಿಯುತ್ತಿದ್ದಾಗ ಅವನೊಬ್ಬ ನಿಂತಿದ್ದ. ಎತ್ತಿದ ಕತ್ತಿ ಮೆಲ್ಲಗೆ ಇಳಿಯಿತು. ಅದನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎರಡೂ ಕೈಯಲ್ಲಿ ಅಪ್ಪನ ಮಣಿಕಟ್ಟು ಹಿಡಿದ.

"ಸಾಕು ಅಪ್ಪಾ! ಬ್ಯಾಡ! ಸಾಕು!"

"ದಾರಿ ಬುಡ್ಲಾ! ದೇವ್ರು ಬರೋ ಒತ್ತಲ್ಲಿ ಅಡ್ಡ ನಿಲ್ಬಾರ್ದು!" ಎಂದು ಬಾವ ಕೂಗಿದರು. ಮಗ ಬಿಡಲಿಲ್ಲ, ಅಳುತ್ತಾ ನೇತುಬಿದ್ದ. ನಾನು ಮದುವೆಯಾಗಿ ಬಂದಾಗಿನಿಂದ ಯಾರ ಮಾತಿಗೂ ಆ ಕೈ ಅರ್ಧದಲ್ಲಿ ನಿಂತದ್ದನ್ನು ನೋಡಿಲ್ಲ. ಅಂದು ನಿಂತಿತು. ಗಂಡ ಕಣ್ಣು ಮಿಟುಕಿಸಿ ಮಗನನ್ನು ನೋಡಿದರು, ಗುರುತು ಹಿಡಿದರು, ಕತ್ತಿ ಇಳಿಸಿದರು. ಉಳಿದವರು ಕತ್ತಿ ಹಾಕುತ್ತಲೇ ಇದ್ದರು. ಸ್ವಲ್ಪ ಹೊತ್ತಿಗೆ ಕಳಶ ಅಲುಗಿ ಮುಂದೆ ಸಾಗಿತು. ಯಾರ ಕತ್ತಿಗೆ ಒಲಿದು ಹೊರಟಳೋ, ಯಾರ ಅಳುವಿಗೆ ಹೊರಟಳೋ ನಾನು ಕೇಳಲು ಹೋಗಲಿಲ್ಲ.

ಬೀದಿಗೆ ಬೀದಿಯೇ ನಕ್ಕಿತು. "ನಿನ್ ಮಗ ಬಯಂದಾಂಗೊಳ್ಳಿ ಕಣಕ್ಕಾ" ಎಂದು ಪಕ್ಕದ ಮನೆಯಾಕೆ ನನ್ನ ಭುಜ ತಟ್ಟಿದಳು. ಹೆದರುಪುಕ್ಕಲನಿಗೆ ಇಲ್ಲಿ ಹಾಗೆನ್ನುತ್ತಾರೆ. ಬೇರೆ ದಿನವಾಗಿದ್ದರೆ ಅವಳ ತುರುಬು ಕಿತ್ತಿಡುತ್ತಿದ್ದೆ. ಅಂದು ಅವಳನ್ನು ತಬ್ಬಿಕೊಂಡು ಅತ್ತೆ. ಅವಮಾನಕ್ಕೆ ಅಳುತ್ತಿದ್ದೇನೆ ಎಂದುಕೊಂಡು ಅವಳು, "ಬುಡಕ್ಕಾ, ಬರೋ ವರ್ಸ ಸರಿಯಾಯ್ತಾನೆ" ಎಂದು ಸಮಾಧಾನ ಮಾಡಿದಳು. ಸರಿಯಾಗದಿರಲಿ ತಾಯೇ ಎಂದು ನಾನು ಮನಸ್ಸಿನಲ್ಲೇ ಹೇಳಿಕೊಂಡೆ.

ಸಂಜೆ ಮನೆಯಲ್ಲಿ ಗಂಡ ಚಾಪೆಯ ಮೇಲೆ ಮಲಗಿದ್ದರು. ನಾನು ಬಿಸಿನೀರಲ್ಲಿ ಬಟ್ಟೆ ಅದ್ದಿ ಎದೆ ಒರೆಸುತ್ತಿದ್ದೆ. ಮಗ ಭಂಡಾರದ ತಟ್ಟೆ ಹಿಡಿದು ಪಕ್ಕದಲ್ಲಿ ಕುಳಿತಿದ್ದ, ಮುಖ ಗೋಡೆಯ ಕಡೆ. ಎದ್ದು ಹೋಗು ಎಂದರೆ ಹೋಗಲಿಲ್ಲ, ನೋಡು ಎಂದರೆ ನೋಡಲಿಲ್ಲ. ಫೋನು ಕಪಾಟಿನ ಮೇಲೆ ಎರಡು ಮೂರು ಸಲ ಬಡಿದುಕೊಂಡಿತು. ಅವನ ಜೊತೆಗಾರರಿರಬೇಕು.

ನಾನು ಒರೆಸಿ ಮುಗಿಸಿದ ಮೇಲೆ ಅವನು ಮೆಲ್ಲಗೆ ತಿರುಗಿದ. ಒಂದು ಚಿಟಿಕೆ ಭಂಡಾರ ತೆಗೆದು ಗಾಯದ ಮೇಲೆ ಉದುರಿಸಿದ. ಅಪ್ಪನ ಹೊಟ್ಟೆಯ ಚರ್ಮ ಒಮ್ಮೆ ಸೆಟೆಯಿತು. ಅವನ ಕೈ ಅಲ್ಲೇ ನಿಂತಿತು.

"ನೋಯ್ತದಾ ಅಪ್ಪಾ?"

"ಇಲ್ಲ ಕಣ್ಣು. ದೇವ್ರ ಗಾಯ ನೋಯಲ್ಲ."

"ಸುಳ್ಳು. ನೋಯ್ತೈತೆ" ಎಂದವನೇ ಬಿಕ್ಕಿ ಬಿಕ್ಕಿ ಅಳತೊಡಗಿದ. ಗಂಡ ಗಾಬರಿಯಿಂದ ಎದ್ದು ಕೂರಲು ಹೋದರು. ನಾನು ಅವರ ಭುಜ ಒತ್ತಿ ಮಲಗಿಸಿದೆ.

"ಸುಮ್ನಿರಿ. ಅಳ್ಲಿ ಬುಡಿ" ಎಂದೆ.

ಅವನು ಅತ್ತು ಮುಗಿಸಲಿ ಎಂದು ನಾನು ಗೋಡೆಗೆ ಒರಗಿ ಕುಳಿತೆ. ಇವನ ಒಳಗೆ ಒಣಗಿಹೋಗಿದೆ ಎಂದುಕೊಂಡಿದ್ದದ್ದು ಒಣಗಿರಲಿಲ್ಲ. ಬೆಳಗಿನಿಂದ ಒಂದು ತುತ್ತು ತಿಂದಿಲ್ಲ ಎಂದು ಆಗಲೇ ನೆನಪಾಯಿತು, ಎದ್ದು ಹೋಗಿ ಮೂವರಿಗೂ ತಟ್ಟೆ ಹಾಕಿದೆ.